ಇಪ್ಪತ್ತೊಂದನೆಯ ದೀಪ

ಬೆಳಿಗ್ಗೆ ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ವೈರಿಂಗ್ ಕೆಲಸದ ಲೈಟಕ್ಕ ಪುಸ್ತಕ ಕಟ್ಟುವ ಬೈಂಡರ್ ಮನೆಯ ಗಂಟೆ ಒತ್ತಿದಳು. ಬಾಗಿಲು ತೆಗೆದದ್ದು ಬೈಂಡರ್ ಹೆಂಡತಿ. ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ ಮುಗಿಸಿ ಹಿತ್ತಲ ಗೇಟಿನಿಂದ ಆಗತಾನೇ ಒಳಗೆ ಬಂದಿದ್ದಳು. ಹೆಗಲಲ್ಲಿ ಚೀಲ ಇನ್ನೂ ಹಾಗೇ ಇತ್ತು.

“ಬನ್ನಿ ಅಕ್ಕಾ. ಇವರು ಕೆಲಸದಲ್ಲಿ ಮುಳುಗಿರಬೇಕು. ಎರಡು ಸಲ ಕೂಗಿದೆ, ಓಗೊಡಲಿಲ್ಲ.”

ಇಬ್ಬರೂ ಪ್ಯಾಸೇಜಿಗೆ ಕಾಲಿಟ್ಟರು. ಕಿಟಕಿ ಇಲ್ಲದ ಜಾಗ. ನಡುಹಗಲಲ್ಲೂ ಮಬ್ಬು. ನೆಲದಂಚಿನ ಪುಟ್ಟ ದೀಪಗಳು ಅವರ ಹೆಜ್ಜೆ ಕಂಡು ಒಂದೊಂದಾಗಿ ಹೊತ್ತಿಕೊಂಡವು. ಕೊನೆಯಲ್ಲಿ ಅಕ್ಕಪಕ್ಕ ಎರಡು ಪರದೆ. ಎಡಗಡೆಯದು ಚಿನ್ನದ ರೇಕಿನ ಕೆಲಸ ನಡೆಯುವ ಕೋಣೆಗೆ. ಬಲಗಡೆಯದು ಹೊಸ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿಗೆ.

ಬಲಗಡೆಯ ಪರದೆ ಅರ್ಧ ಕಿತ್ತು ಜೋತಾಡುತ್ತಿತ್ತು. ಅದರ ಬುಡದಲ್ಲಿ ದೀಪ ಹಸಿರಾಗಿ ಉರಿಯುತ್ತಿತ್ತು.

ಲೈಟಕ್ಕ ನಿಂತುಬಿಟ್ಟಳು. ಅಲ್ಲಿ ಕೆಂಪು ಇರಬೇಕಿತ್ತು.

ಅವಳು ಪರದೆ ಸರಿಸಿ ಕೆಳಗೆ ನೋಡಿದಳು. ಒಂಬತ್ತು ಮೆಟ್ಟಿಲು. ಬುಡದಲ್ಲಿ ಬೈಂಡರ್ ಒಂದು ಮಗ್ಗುಲಾಗಿ ಬಿದ್ದಿದ್ದ. ಕಿವಿಯ ಹಿಂದೆ ಹರಿದ ರಕ್ತ ಸಿಮೆಂಟಿನ ಮೇಲೆ ಹೆಪ್ಪುಗಟ್ಟಿತ್ತು.

ಹೆಂಡತಿ ಚೀಲ ಬಿಸಾಕಿ ಕೆಳಗೆ ಓಡಿದಳು. ಕುತ್ತಿಗೆಗೆ ಬೆರಳಿಟ್ಟಳು.

“ನಾಡಿ ಇದೆ! ಆಂಬುಲೆನ್ಸಿಗೆ ಫೋನ್ ಮಾಡಿ ಅಕ್ಕಾ! ಬೇಗ!”

ಲೈಟಕ್ಕ ಫೋನ್ ಮಾಡಿದಳು. ವಿಳಾಸ ಹೇಳಿದಳು. ಆದರೆ ಕಣ್ಣು ಮಾತ್ರ ಆ ಹಸಿರು ದೀಪದಿಂದ ಕದಲಲಿಲ್ಲ.

ಆ ಮನೆಯಲ್ಲಿ ದೀಪ ಅಂದರೆ ಬರೀ ಬೆಳಕಲ್ಲ. ಬೈಂಡರನಿಗೆ ಐವತ್ತೆರಡು ವರ್ಷ. ಕಣ್ಣಿನ ಕಾಯಿಲೆಯಿಂದ ನೋಟ ಸುತ್ತಲಿಂದ ಕಿರಿದಾಗುತ್ತ ಬಂದಿತ್ತು. ಬಿಸಿಲಿನಲ್ಲಿ ಹೇಗೋ ನಿಭಾಯಿಸುತ್ತಿದ್ದ. ಮಬ್ಬಿನಲ್ಲಿ ಗೋಡೆ, ನೆಲ, ಮನುಷ್ಯ ಯಾವುದೂ ಇಲ್ಲ. ಉರಿಯುವ ದೀಪದ ಚುಕ್ಕೆಯೊಂದೇ ಕಾಣುತ್ತಿದ್ದದ್ದು. ಅದಕ್ಕೇ ಆರು ವರ್ಷದ ಹಿಂದೆ ಮನೆಗೆ ಹದಿನಾಲ್ಕು ದೀಪಗಳ ಜಾಲ ಹಾಕಿಸಿದ್ದರು. ಹಸಿರು ಅಂದರೆ ನೆಲ ಸಮ, ನಡಿ. ಕೆಂಪು ಅಂದರೆ ಮೆಟ್ಟಿಲು, ನಿಲ್ಲು, ಕಂಬಿ ಹಿಡಿ. ಅಡುಗೆಮನೆಯ ಕಪಾಟಿನಲ್ಲಿದ್ದ ಒಂದು ಪೆಟ್ಟಿಗೆ ಎಲ್ಲ ದೀಪಗಳಿಗೂ ಅಪ್ಪಣೆ ಕೊಡುತ್ತಿತ್ತು.

ಈಗ ಕೆಲಸ ಬೆಳೆದು ನೆಲಮಾಳಿಗೆ ಕಟ್ಟಿಸಿದ್ದರು. ಮೆಟ್ಟಿಲಿಗೆ ಜಾಗ ಮಾಡಲು ಪ್ಯಾಸೇಜಿನ ಕೊನೆಯ ಗೋಡೆ ಒಡೆದು, ರೇಕಿನ ಕೋಣೆಯ ದಾರಿಯನ್ನು ಎಡಕ್ಕೆ ಸರಿಸಿದ್ದು ಹೋದ ವಾರವಷ್ಟೆ. ಹೊಸ ದಾರಿ ಬೈಂಡರನ ಕಾಲಿಗೆ ಇನ್ನೂ ರೂಢಿಯಾಗಿರಲಿಲ್ಲ. ದೀಪ ನಂಬಿಯೇ ನಡೆಯಬೇಕಿತ್ತು. ಹಳೆಯ ಜಾಲಕ್ಕೆ ಎಂಟು ಹೊಸ ದೀಪ ಸೇರಿಸಿ ಎಲ್ಲವನ್ನೂ ಒಂದು ಮಾಡುವ ಕೆಲಸಕ್ಕೆ ಬಂದವಳು ಲೈಟಕ್ಕ. ಮೂರು ದಿನದ ಕೆಲಸ ನಿನ್ನೆ ಸಂಜೆ ಐದಕ್ಕೆ ಮುಗಿದಿತ್ತು. ಇವತ್ತು ಬೈಂಡರನನ್ನೇ ಕರೆದುಕೊಂಡು ಮನೆಯೆಲ್ಲ ಒಮ್ಮೆ ನಡೆಸಿ ನೋಡುವುದೊಂದು ಬಾಕಿ ಇತ್ತು.

ಆಂಬುಲೆನ್ಸಿನ ಹಿಂದೆಯೇ ರೇಕಣ್ಣ ಬಂದ. ಪುಸ್ತಕದ ರಟ್ಟಿನ ಮೇಲೆ, ಅಂಚಿನ ಮೇಲೆ ಚಿನ್ನದ ರೇಕು ಕೂರಿಸುವವನು. ಇಪ್ಪತ್ತು ವರ್ಷದಿಂದ ಬೈಂಡರನ ಜೊತೆಗಾರ. ಸ್ಟ್ರೆಚರ್ ನೋಡಿ ಅವನ ಮುಖ ಬಿಳಿಚಿತು.

“ಅಣ್ಣಾ... ಅಕ್ಕಾ, ಹೇಗಾಯ್ತು ಇದು?” ಬೈಂಡರನ ಹೆಂಡತಿಯ ಕೈ ಹಿಡಿದುಕೊಂಡ. “ನೀವು ಹೋಗಿ. ಇಲ್ಲಿ ನಾನಿದೀನಿ. ರಿಪೇರಿಗೆ ಕೊಟ್ಟ ಪುಸ್ತಕ ಒಯ್ಯೋಕೆ ಹತ್ತಕ್ಕೆ ಗ್ರಂಥಾಲಯದವರು ಬರ್ತಾರೆ. ಬೀರುವಿನ ಕೀ ಒಂದು ಕೊಟ್ಟುಬಿಡಿ.”

ಕೀ ಬೈಂಡರನ ಸೊಂಟದಲ್ಲಿತ್ತು. ಅವಳಿಗೆ ಆ ಮಾತು ಕಿವಿಗೇ ಬೀಳಲಿಲ್ಲ. ಬಾಗಿಲು ಮುಚ್ಚಿತು, ಗಾಡಿ ಹೊರಟಿತು.

*

ಇನ್ಸ್‌ಪೆಕ್ಟರ್ ಮಂಡಿನೋವಿನ ಮನುಷ್ಯ. ಒಂಬತ್ತು ಮೆಟ್ಟಿಲನ್ನೂ ಒಂದೊಂದಾಗಿ ಇಳಿದು, ಒಂದೊಂದಾಗಿ ಹತ್ತಿ ಬಂದ. ಅವಸರ ಅವನ ಜಾಯಮಾನದಲ್ಲೇ ಇರಲಿಲ್ಲ.

“ಹಸಿರು ಇದ್ದರೆ ನಡಿ. ಕೆಂಪು ಇದ್ದರೆ ನಿಲ್ಲು. ಇಲ್ಲಿ ಹಸಿರು. ಆ ಕೋಣೆ ಮುಂದೆ ಕೆಂಪು. ಸರಿನಾ ಅಮ್ಮಾ?”

“ಹೌದು ಸಾರ್. ಅದಲುಬದಲಾಗಿದೆ.”

“ಅವರು ಹಸಿರು ನೋಡಿ ನಡೆದರು.”

“ದಿನಾ ಬೆಳಿಗ್ಗೆ ಎಂಟೂವರೆಗೆ ರೇಕಿನ ಕೋಣೆಗೆ ಹೋಗಿ ಕಿಟಕಿ ತೆಗೀತಾರೆ. ಎರಡೂ ಕಡೆ ಪರದೆ. ಒಂದೇ ಥಾನಿನ ಬಟ್ಟೆ. ಮುಟ್ಟಿದರೂ ವ್ಯತ್ಯಾಸ ಗೊತ್ತಾಗಲ್ಲ.”

ಇನ್ಸ್‌ಪೆಕ್ಟರ್ ಬಗ್ಗಿ ಮೆಟ್ಟಿಲ ದೀಪವನ್ನು ಕೂಡಿಸಿದ ಜಾಗದಿಂದ ಎಳೆದ. ಚಟ್ ಎಂದು ಕೈಗೆ ಬಂತು. ತಳದಲ್ಲಿ ಪುಟ್ಟ ಚೀಟಿ. ನೀಲಿ ಶಾಯಿಯಲ್ಲಿ ‘21’.

“ಇದು ಯಾರ ಬರಹ?”

“ನನ್ನದೇ. ಹಳೇದು ಹದಿನಾಲ್ಕು, ಹೊಸದು ಎಂಟು, ಎಲ್ಲಕ್ಕೂ ನಾನೇ ಬರೆದು ಅಂಟಿಸಿದೀನಿ. ಇಪ್ಪತ್ತೊಂದು ಅಂದ್ರೆ ಮೆಟ್ಟಿಲು. ಒಂಬತ್ತು ಅಂದ್ರೆ ರೇಕಿನ ಕೋಣೆ.”

“ಹಾಗಾದ್ರೆ ಇಪ್ಪತ್ತೊಂದು ಇರಬೇಕಾದ ಕಡೆಯೇ ಇದೆಯಲ್ಲ?”

ಅವನು ದೀಪವನ್ನು ಮತ್ತೆ ಕೂರಿಸಿದ. ಲೈಟಕ್ಕ ಮೊಬೈಲ್ ತೆಗೆದು, ಇಪ್ಪತ್ತೊಂದನೆಯ ದೀಪ ಮಿನುಗಲಿ ಎಂದು ಪೆಟ್ಟಿಗೆಗೆ ಹೇಳಿದಳು.

ಮಿನುಗಿದ್ದು ರೇಕಿನ ಕೋಣೆಯ ಮುಂದಿನ ದೀಪ.

ಚೀಟಿ ಒಂದು ಹೇಳುತ್ತಿತ್ತು, ದೀಪ ಇನ್ನೊಂದು.

“ಚೀಟಿ ತಪ್ಪಾಗಿ ಅಂಟಿಸಿದೀರಿ. ಚೀಟಿ ನೋಡಿಕೊಂಡು ದೀಪ ಕೂರಿಸಿದೀರಿ,” ಇನ್ಸ್‌ಪೆಕ್ಟರ್ ಹೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

“ಕೂರಿಸಿದ ಮೇಲೆ ನಡೆದು ನೋಡಿದೆ ಸಾರ್. ಕೆಂಪು ಬಂತು.”

“ಜೊತೆಗೆ ಯಾರಿದ್ದರು?”

ಯಾರೂ ಇರಲಿಲ್ಲ. ಬೈಂಡರ್ ಮಹಡಿಯಲ್ಲಿದ್ದ. ಹೆಂಡತಿ ಪಾಳಿಗೆ ಹೊರಡುವ ಮೊದಲು ಮಲಗಿದ್ದಳು.

ರೇಕಣ್ಣ ನಿಧಾನಕ್ಕೆ ಹತ್ತಿರ ಬಂದ. “ಸಾರ್, ಇವರ ಮೇಲೆ ಹೆಚ್ಚು ಹಾಕಬೇಡಿ. ಮೂರು ದಿನ ಒಬ್ಬರೇ ದುಡಿದಿದ್ದಾರೆ. ಮನುಷ್ಯರ ಕೈ, ಒಂದೊಂದು ಸಲ ಎಡವುತ್ತೆ.”

ಅವನು ಅವಳ ಪರವಾಗಿಯೇ ಮಾತಾಡಿದ. ಆದರೂ ಆ ಮಾತು ಮುಗಿಯುವಷ್ಟರಲ್ಲಿ ತಪ್ಪು ಅವಳದೇ ಎಂದು ತೀರ್ಮಾನವಾಗಿಬಿಟ್ಟಿತ್ತು.

*

ಮಧ್ಯಾಹ್ನ ಲೈಟಕ್ಕ ತನ್ನ ಮನೆಯ ಮೇಜಿನ ಮುಂದೆ ಕೂತು ಕೆಲಸದ ನೋಟ್‌ಬುಕ್ ಬಿಚ್ಚಿದಳು. ಇಪ್ಪತ್ತು ವರ್ಷದಿಂದ ತಂತಿ ಎಳೆದವಳು. ಒಬ್ಬರಿಗೂ ಶಾಕ್ ಹೊಡೆದದ್ದಿಲ್ಲ, ಒಂದು ಮನೆಯ ಫ್ಯೂಸೂ ಅವಳ ತಪ್ಪಿಗೆ ಹೋದದ್ದಿಲ್ಲ. ಪುಟದಲ್ಲಿ ನೀಟಾಗಿ ಬರೆದಿತ್ತು: ಇಪ್ಪತ್ತೊಂದು, ಮೆಟ್ಟಿಲ ತಲೆ, ಕೆಂಪು, ಸರಿ. ಆ ‘ಸರಿ’ ಎಂಬ ಎರಡಕ್ಷರವನ್ನು ಎಷ್ಟು ಹೊತ್ತು ದಿಟ್ಟಿಸಿದಳೋ.

ನಿಜವಾಗಿಯೂ ಕೆಂಪು ನೋಡಿದ್ದೆನಾ? ಅಥವಾ ಕೆಂಪೇ ಇರುತ್ತದೆ ಎಂದುಕೊಂಡು ಟಿಕ್ ಹಾಕಿದೆನಾ? ಕೈ ತಾನಾಗಿ ಮಾಡುವ ಕೆಲಸಕ್ಕೆ ಮನಸ್ಸು ಸಾಕ್ಷಿ ನಿಲ್ಲುವುದಿಲ್ಲ. ಯೋಚಿಸಿದಷ್ಟೂ ನೆನಪು ಮಸುಕಾಗುತ್ತ ಹೋಯಿತು. ಆಸ್ಪತ್ರೆಯಲ್ಲಿ ಬೈಂಡರ್ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಫೋನ್ ಮಾಡಿದ.

“ಅಮ್ಮಾ, ಈ ದೀಪದ ಆ್ಯಪ್ ಎಷ್ಟು ಜನರ ಹತ್ರ ಇದೆ?”

“ಮೂರು. ಬೈಂಡರ್ ಹೆಂಡತಿ, ಬೈಂಡರ್ ತಮ್ಮ, ಕೆಲಸ ಮುಗಿಯೋವರೆಗೆ ನಾನು.”

“ತಮ್ಮನಿಗೂ ಅಣ್ಣನಿಗೂ ಒಂದು ವರ್ಷದಿಂದ ಮಾತಿಲ್ಲವಂತೆ. ಗೊತ್ತಾ?”

“ಇಲ್ಲ ಸಾರ್.”

“ನೆಲಮಾಳಿಗೆ ವಿಚಾರಕ್ಕೇ ಜಗಳವಂತೆ. ನಿನ್ನೆ, ಮಂಗಳವಾರ, ಸಂಜೆ ಏಳೂವರೆಗೆ ಅವನು ಆ್ಯಪ್ ತೆರೆದು ನೋಡಿದಾನೆ. ಇವತ್ತು ಬೆಳಿಗ್ಗೆ ಆರೂ ನಲವತ್ತಕ್ಕೆ ಮತ್ತೆ. ನನಗೆ ಈ ಯಂತ್ರ ಅರ್ಥವಾಗಲ್ಲ. ನೀವೂ ಬನ್ನಿ.”

*

ತಮ್ಮನದು ಕನ್ನಡಕದ ಅಂಗಡಿ. ಗೋಡೆ ತುಂಬ ಖಾಲಿ ಫ್ರೇಮುಗಳು. ಅವನು ಒಂದು ಗಾಜನ್ನು ಉಜ್ಜುತ್ತ ಕೂತಿದ್ದ. ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಹೌದು, ಜಗಳ ಆಡಿದೆ. ಕಣ್ಣು ಹೋಗ್ತಾ ಇರೋನಿಗೆ ನೆಲಮಾಳಿಗೆ ಯಾಕೆ ಅಂದೆ. ‘ನನ್ನನ್ನ ಈಗಲೇ ಮೂಲೆಗೆ ಕೂರಿಸಬೇಡ’ ಅಂದ. ಮಾತಿಗೆ ಮಾತು ಬೆಳೀತು. ಆಮೇಲೆ ಇಬ್ಬರೂ ಬಿಗಿದುಕೊಂಡು ಕೂತ್ವಿ.”

“ಮಾತು ಬಿಟ್ಟ ಮೇಲೆ ಅವರ ಮನೆ ದೀಪದ ಉಸಾಬರಿ ನಿಮಗೆ ಯಾಕೆ?” ಇನ್ಸ್‌ಪೆಕ್ಟರ್ ಕೇಳಿದ.

ಅವನು ಗಾಜನ್ನು ಕೆಳಗಿಟ್ಟ.

“ಅತ್ತಿಗೆಗೆ ರಾತ್ರಿ ಪಾಳಿ. ಅವನು ಒಬ್ಬನೇ ಇರ್ತಾನೆ. ಬೆಳಿಗ್ಗೆ ಆರೂವರೆ ಮೇಲೆ ಅಡುಗೆಮನೆ ದೀಪ ಹೊತ್ತಿಕೊಂಡ್ರೆ ಅವನು ಎದ್ದ ಅಂತ ಅರ್ಥ. ಸಂಜೆ ಮಹಡಿ ದೀಪ ಹೊತ್ತಿಕೊಂಡ್ರೆ ಮೇಲೆ ಹೋಗಿ ರೇಡಿಯೋ ಹಾಕಿಕೊಂಡ ಅಂತ. ಅಷ್ಟು ನೋಡಿ ಇಟ್ಟುಬಿಡ್ತೀನಿ. ಒಂದು ವರ್ಷದಿಂದ ನೋಡ್ತಿದೀನಿ.” ಗಾಜನ್ನು ಮತ್ತೆ ಎತ್ತಿಕೊಂಡ. “ಅವನಿಗೆ ಹೇಳಬೇಡಿ. ಇನ್ನೂ ಸೊಕ್ಕು ಮಾಡ್ತಾನೆ.”

ಲೈಟಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತಳು.

“ನಿನ್ನೆ ಸಂಜೆ ಎಷ್ಟು ಹೊತ್ತು ನೋಡಿದಿರಿ?” ಲೈಟಕ್ಕ ಮೆಲ್ಲಗೆ ಕೇಳಿದಳು.

“ಕಾಲು ಗಂಟೆಗಿಂತ ಹೆಚ್ಚು. ನೀವು ಹೊಸ ದೀಪ ಸೇರಿಸಿದ್ರಲ್ಲ, ಪಟ್ಟಿ ಉದ್ದ ಆಗಿತ್ತು. ಪ್ಯಾಸೇಜು, ಮೆಟ್ಟಿಲು, ಹಿತ್ತಲು ಎಲ್ಲ ಓದ್ತಾ ಕೂತೆ. ಕೊನೆಕೊನೆಗೆ ಎರಡು ದೀಪ ಬೂದು ಬಣ್ಣಕ್ಕೆ ತಿರುಗಿದವು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಸರಿಹೋದವು. ನೀವಿನ್ನೂ ಕೆಲಸ ಮಾಡ್ತಿದೀರಿ ಅಂದುಕೊಂಡೆ.”

ಲೈಟಕ್ಕ ಕುರ್ಚಿಯ ಅಂಚಿಗೆ ಬಂದಳು. “ಯಾವ ಎರಡು?”

“ನೆನಪಿಲ್ಲ. ಎರಡೂ ಒಟ್ಟಿಗೆ ಹೋಗಿ ಒಟ್ಟಿಗೆ ಬಂದವು.”

ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. “ಸಾರ್, ನಾನು ಐದಕ್ಕೇ ಮನೆ ಬಿಟ್ಟಿದ್ದೆ. ದೀಪ ಬೂದು ಬಣ್ಣಕ್ಕೆ ತಿರುಗೋದು ಅದನ್ನ ಕೂಡಿಸಿದ ಜಾಗದಿಂದ ಕಿತ್ತಾಗ ಮಾತ್ರ. ಫೋನಲ್ಲಿ ಒತ್ತಿದರೆ ಆಗಲ್ಲ. ಅದಕ್ಕೆ ಕೈ ಬೇಕು.”

*

ಬೈಂಡರ್ ಮನೆಯ ಅಡುಗೆಮನೆ. ಹೆಂಡತಿ ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದಿದ್ದಳು. ಲೈಟಕ್ಕ ಕಪಾಟಿನ ಪೆಟ್ಟಿಗೆಗೆ ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿದಳು. ಆ್ಯಪಿನಲ್ಲಿ ಕಾಣದ ಒಂದು ದಾಖಲೆ ಪೆಟ್ಟಿಗೆಯೊಳಗೆ ಇರುತ್ತದೆ. ದೀಪಕ್ಕೆ ಕರೆಂಟ್ ತಪ್ಪಿ ಮತ್ತೆ ಬಂದರೆ ಅದು ‘ನಾನು ಬಂದೆ’ ಎಂದು ಪೆಟ್ಟಿಗೆಗೆ ಹೇಳುತ್ತದೆ. ಪೆಟ್ಟಿಗೆ ಗಂಟೆ, ನಿಮಿಷ ಬರೆದಿಡುತ್ತದೆ.

ಮಂಗಳವಾರ ಸಂಜೆ ಏಳು ನಲವತ್ತಮೂರು. ಒಂಬತ್ತನೆಯ ದೀಪ ಇಲ್ಲ. ಇಪ್ಪತ್ತೊಂದನೆಯ ದೀಪ ಇಲ್ಲ. ಏಳು ನಲವತ್ತೇಳಕ್ಕೆ ಎರಡೂ ಹಾಜರು.

ಲೈಟಕ್ಕ ಉಸಿರು ಬಿಟ್ಟಳು. ಬೆಳಿಗ್ಗೆಯಿಂದ ಹೊತ್ತಿದ್ದ ಭಾರ ಇಳಿಯಿತು. ಇಳಿದ ಜಾಗಕ್ಕೇ ಹೆದರಿಕೆ ಬಂದು ಕೂತಿತು. ಇದು ಎಡವಟ್ಟಲ್ಲ. ಯಾರೋ ಬೇಕೆಂದೇ ಮಾಡಿದ್ದು.

“ಚೀಟಿ?” ಇನ್ಸ್‌ಪೆಕ್ಟರ್ ಕೇಳಿದ. “ದೀಪ ಅದಲುಬದಲು ಮಾಡಿದ್ರೆ ಚೀಟಿಯೂ ಜೊತೆಗೇ ಹೋಗಬೇಕಿತ್ತಲ್ಲ?”

“ಚೀಟಿಯನ್ನೂ ಕಿತ್ತು ಬದಲಾಯಿಸಿದ್ದಾರೆ. ತಪ್ಪು ನನ್ನದು ಅಂತ ಕಾಣಬೇಕಲ್ಲ.”

ಎರಡೂ ದೀಪ ತಂದು ಮೇಜಿನ ಮೇಲೆ ಬೋರಲು ಹಾಕಿದರು. ಲೈಟಕ್ಕ ಚೀಟಿಯ ಮೂಲೆಗೆ ಉಗುರು ಕೊಟ್ಟಳು. ಅವಳ ಚೀಟಿಯ ಅಂಟು ಮೇಣದ ಹಾಗೆ ಎಳೆಎಳೆಯಾಗಿ ಬರಬೇಕು. ಇದು ಹಾಗೆ ಬರಲಿಲ್ಲ. ಪಟಕ್ ಎಂದು ಎದ್ದಿತು. ಹಿಂಬದಿಯಲ್ಲಿ ಹೊಳೆಯುವ ತೆಳು ಪೊರೆ, ಬೆರಳಿಗೆ ತಾಗಿದ್ದೇ ಹಕ್ಕಳೆ ಹಕ್ಕಳೆಯಾಗಿ ಉದುರಿತು.

“ಒಮ್ಮೆ ಕಿತ್ತ ಚೀಟಿ ಮತ್ತೆ ಕಚ್ಚಲ್ಲ. ಬೇರೆ ಅಂಟು ಹಚ್ಚಿದ್ದಾರೆ,” ಎಂದಳು. “ಅಕ್ಕಾ, ಈ ಮನೇಲಿ ಏನೇನು ಅಂಟು ಇಟ್ಟಿರ್ತೀರಿ?”

ಬೈಂಡರ್ ಹೆಂಡತಿ ಪೊರೆಯನ್ನು ಬೆಳಕಿಗೆ ಹಿಡಿದಳು. ಲ್ಯಾಬಿನಲ್ಲಿ ರಾತ್ರಿಯಿಡೀ ಗಾಜಿನ ಮೇಲೆ ಒಣಗಿದ ಹನಿ ನೋಡುವ ಕಣ್ಣು ಅವಳದು.

“ಇವರು ಬಳಸೋದು ಹಿಟ್ಟಿನ ಅಂಟು. ಬೆಳ್ಳಗೆ ಮಂಕಾಗಿ ಒಣಗುತ್ತೆ. ಇದು...” ಮಾತು ಅಲ್ಲಿಗೇ ನಿಂತಿತು. “ಇದು ಮೊಟ್ಟೆ ಬಿಳಿ. ರೇಕು ಕೂರಿಸೋ ಮೊದಲು ಹಚ್ಚೋದು.”

ಮೂವರೂ ಪ್ಯಾಸೇಜಿನ ಕಡೆ ನೋಡಿದರು.

“ಆಗಲ್ಲ,” ಹೆಂಡತಿ ತಲೆ ಆಡಿಸಿದಳು. “ರೇಕಣ್ಣ ಆರಕ್ಕೇ ಹೋಗ್ತಾನೆ. ನಾನು ಏಳಕ್ಕೆ ಹೊರಟಾಗ ಅವನ ಕೋಣೆ ಕತ್ತಲಾಗಿತ್ತು.”

“ಮುಂಬಾಗಿಲಿನಿಂದ ಹೋಗಿದ್ದು ನೋಡಿದ್ರಾ?” ಇನ್ಸ್‌ಪೆಕ್ಟರ್ ಕೇಳಿದ.

ಅವಳು ನೋಡಿರಲಿಲ್ಲ.

ಲೈಟಕ್ಕ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡಳು. ಪ್ರತಿ ದೀಪಕ್ಕೂ ಚಲನೆ ಗುರುತಿಸುವ ಕಣ್ಣಿದೆ. ಮಂಗಳವಾರ ಏಳಕ್ಕೆ ಹೆಂಡತಿ ಹೊರಟದ್ದನ್ನು ಮುಂಬಾಗಿಲ ಕಣ್ಣು ನೋಡಿತ್ತು. ಅದರ ಹಿಂದಿನ ಮೂರು ತಾಸಿನಲ್ಲಿ ಅಲ್ಲಿ ಹಾದದ್ದು ಒಬ್ಬರೇ, ಐದು ಗಂಟೆಗೆ. ಅದು ಲೈಟಕ್ಕ. ಆರಕ್ಕೆ ಯಾರೂ ಹೊರಗೆ ಹೋಗಿರಲಿಲ್ಲ. ಏಳರ ಮೇಲೆ ಬೆಳಗಿನವರೆಗೆ ಅಲ್ಲಿ ಯಾರೂ ಬಂದೂ ಇರಲಿಲ್ಲ.

ಆದರೆ ಏಳು ಐವತ್ತೊಂದಕ್ಕೆ ಹಿತ್ತಲ ಕಣ್ಣು ಯಾರನ್ನೋ ನೋಡಿತ್ತು.

ಲೈಟಕ್ಕ ಬಹಳ ಹೊತ್ತು ಆ ಒಂದು ಸಾಲನ್ನೇ ನೋಡುತ್ತ ಕೂತಳು. ಮಂಗಳವಾರ ಮಧ್ಯಾಹ್ನ ಚಹಾದ ಹೊತ್ತಿನ ಮಾತು ಅವಳಿಗೆ ನೆನಪಾಗುತ್ತಿತ್ತು. ಅವಳು ಏಣಿಯ ಮೇಲಿದ್ದಳು. ಕೆಳಗೆ ಬೈಂಡರ್ ಹೇಳುತ್ತಿದ್ದ: ‘ನಾಳೆ ಗ್ರಂಥಾಲಯದವರು ಬಂದಾಗ ಒಂದು ಹಾಳೆ ಬಗ್ಗೆ ಕೇಳಬೇಕು. ನನಗ್ಯಾಕೋ ಸರಿ ಕಾಣ್ತಿಲ್ಲ.’ ರೇಕಣ್ಣ ನಕ್ಕಿದ್ದ. ‘ನಿಂಗೆ ಕಾಣೋದಾದ್ರೂ ಏನಣ್ಣ?’ ಇಬ್ಬರ ನಡುವೆ ಅಂಥ ತಮಾಷೆ ನಡೆಯುತ್ತಿತ್ತು. ಬೈಂಡರನೂ ನಕ್ಕಿದ್ದ.

“ಸಾರ್, ಬೀರುವಿನಲ್ಲಿ ಇರೋ ಪುಸ್ತಕ ನೋಡಬೇಕು,” ಎಂದಳು.

*

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬೈಂಡಿಂಗ್ ಕೋಣೆಯಲ್ಲಿ ಸೇರಿದರು. ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಮಂಡಿ ನೀಡಿ ಕೂತ. ಬೈಂಡರ್ ಹೆಂಡತಿ, ತಮ್ಮ ಗೋಡೆಗೆ ಒರಗಿ ನಿಂತರು. ರೇಕಣ್ಣ ತನ್ನ ಕೆಲಸದ ಏಪ್ರನ್ನಿನಲ್ಲೇ ಬಂದಿದ್ದ. ಗ್ರಂಥಾಲಯದಿಂದ ಬಂದ ಗ್ರಂಥಪಾಲಕಿ, ಬೈಂಡರ್ ಹೆಂಡತಿ ಆಸ್ಪತ್ರೆಯಿಂದ ತಂದ ಕೀಯಿಂದ ಬೀರು ತೆರೆದು ಪುಸ್ತಕವನ್ನು ಮೇಜಿನ ಮೇಲಿಟ್ಟಳು. ನಕ್ಷತ್ರಗಳ ಹಳೆಯ ಚಿತ್ರಸಂಪುಟ. ಮುನ್ನೂರು ವರ್ಷದ ಹಿಂದೆ ಯಾರೋ ಕೈಯಲ್ಲಿ ಬರೆದದ್ದು. ನಲವತ್ತು ಹಾಳೆ. ಒಂದೊಂದರಲ್ಲೂ ಕಡುನೀಲಿ ಆಕಾಶ, ಚಿನ್ನದ ಚುಕ್ಕೆ.

ಅವಳು ಭೂತಗನ್ನಡಿ ಹಿಡಿದು ಒಂದೊಂದೇ ಹಾಳೆ ನೋಡಿದಳು. ಅರ್ಧ ಗಂಟೆ ಹಿಡಿಯಿತು.

“ಎಲ್ಲ ಸರಿಯಾಗಿದೆ. ಒಂದು ಹಾಳೆಯೂ ಕಡಿಮೆಯಿಲ್ಲ.”

ರೇಕಣ್ಣನ ಭುಜ ಸ್ವಲ್ಪ ಸಡಿಲವಾಯಿತು. ಲೈಟಕ್ಕ ಅದನ್ನು ಗಮನಿಸಿದಳು.

“ಮೇಡಂ, ಒಂದು ಮಾತು. ಕಣ್ಣು ಮುಚ್ಚಿಕೊಂಡು ನೋಡಿ.”

“ಏನಂದ್ರಿ?”

“ಬೈಂಡರ್ ಕಣ್ಣಿನಿಂದ ನೋಡಿರೋಕೆ ಸಾಧ್ಯವಿಲ್ಲ. ಅವರಿಗೆ ಏನಾದ್ರೂ ಅನುಮಾನ ಬಂದಿದ್ರೆ ಅದು ಬೆರಳಿಗೆ ಬಂದಿರಬೇಕು.”

ಗ್ರಂಥಪಾಲಕಿ ಗನ್ನಡಿ ಪಕ್ಕಕ್ಕಿಟ್ಟಳು. ಕಣ್ಣು ಮುಚ್ಚಿದಳು. ಹಾಳೆಯ ಮೂಲೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಸರಿಸಿದಳು. ಒಂದು. ಎರಡು. ಮೂರು. ಕೋಣೆಯಲ್ಲಿ ಹಾಳೆಯ ಸದ್ದೊಂದೇ.

ಹದಿನೇಳನೆಯದಕ್ಕೆ ಬೆರಳು ನಿಂತಿತು. ಹಿಂದಿನದಕ್ಕೆ ಹೋಯಿತು. ಮತ್ತೆ ಹದಿನೇಳಕ್ಕೆ ಬಂತು.

“ಇದು ದಪ್ಪ,” ಅವಳು ಕಣ್ಣು ಬಿಡದೆಯೇ ಹೇಳಿದಳು. “ಕೂದಲೆಳೆಯಷ್ಟು. ಉಳಿದದ್ದು ಬಟ್ಟೆಯ ಹಾಗೆ ಮೆತ್ತಗಿದೆ. ಇದು ಇನ್ನೂ ಬಿಗಿ. ಇದು ಹೊಸ ಕಾಗದ!”

ರೇಕಣ್ಣ ತನ್ನ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡ.

“ಹೇಳಿ ಅಮ್ಮಾ,” ಇನ್ಸ್‌ಪೆಕ್ಟರ್ ಲೈಟಕ್ಕನಿಗೆ ಹೇಳಿದ. “ದೀಪದ ಕಥೆ ನಿಮ್ಮದು. ನೀವೇ ಹೇಳಿ.”

ಲೈಟಕ್ಕನಿಗೆ ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಅವಳು ರೇಕಣ್ಣನನ್ನು ನೋಡಿಕೊಂಡೇ ಮಾತಾಡಿದಳು.

“ಮಂಗಳವಾರ ಅಣ್ಣ ಹಾಳೆ ವಿಷಯ ಎತ್ತಿದಾಗ ಅಲ್ಲಿ ಇದ್ದದ್ದು ನೀವು, ನಾನು. ನೀವು ಆರಕ್ಕೆ ಹೊರಟೆ ಅಂದಿರಿ. ಹೊರಡಲಿಲ್ಲ. ದೀಪ ಆರಿಸಿ ಕೋಣೆಯಲ್ಲೇ ಕೂತಿರಿ. ಅಕ್ಕ ಹೋದ ಮೇಲೆ, ಅಣ್ಣ ಮಹಡಿಯಲ್ಲಿ ರೇಡಿಯೋ ಕೇಳುವಾಗ ಎರಡು ದೀಪ ಕಿತ್ತಿರಿ. ಚೀಟಿ ಬಿಡಿಸಿದಿರಿ. ಅದು ಮತ್ತೆ ಅಂಟಲಿಲ್ಲ. ಕೈಗೆ ಸಿಕ್ಕಿದ್ದು ನಿಮ್ಮ ಬಟ್ಟಲ ಮೊಟ್ಟೆ ಬಿಳಿ. ಏಳು ನಲವತ್ತಮೂರರಿಂದ ನಲವತ್ತೇಳು. ನಾಲ್ಕು ನಿಮಿಷ.”

“ಯಾರು ಬೇಕಾದ್ರೂ ಮಾಡಿರಬಹುದು,” ರೇಕಣ್ಣ ಹೇಳಿದ. “ಅಂಟು ನನ್ನ ಕೋಣೇಲಿ ತೆರೆದೇ ಇರುತ್ತೆ.”

“ಇರಬಹುದು. ಆದ್ರೆ ಅದನ್ನ ಮಾಡಿದವರು ಹೊರಗೆ ಹೋಗಿದ್ದು ಹೇಗೆ? ಮುಂಬಾಗಿಲ ದೀಪಕ್ಕೆ ಕಣ್ಣಿದೆ ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಹಿತ್ತಲಿಂದ ಹೋದರು. ಹಿತ್ತಲಿಗೂ ಕಣ್ಣು ಬಂದಿದೆ ಅಂತ ಗೊತ್ತಿದ್ದಿದ್ರೆ ಹೋಗ್ತಿದ್ರಾ?”

ಅವಳು ಬೈಂಡರ್ ಹೆಂಡತಿಯ ಕಡೆ ಕೈ ತೋರಿದಳು. “ಹಿತ್ತಲಿಗೆ ದೀಪ ಬೇಕು ಅಂದಿದ್ದೇ ಅಕ್ಕ, ಬೆಳಿಗ್ಗೆ ಪಾಳಿಯಿಂದ ಆ ಗೇಟಲ್ಲಿ ಬರೋದಕ್ಕೆ. ಕೆಲಸ ಮುಗಿದಿದೆ ಅಂತ ಹೊರಡುವಾಗ ಅವರನ್ನ ಎಬ್ಬಿಸಿ ಹೇಳಿದ್ದೆ. ತಮ್ಮನಿಗೆ ಮೊಬೈಲಿನ ಪಟ್ಟಿಯಲ್ಲೇ ಕಂಡಿತ್ತು. ನಾಲ್ಕೂವರೆಗೆ ನೀವು ನನ್ನ ಕೇಳಿದಿರಿ, ‘ಹಿತ್ತಲ ದೀಪ ಯಾವಾಗ?’ ಅಂತ. ‘ನಾಳೆ’ ಅಂದೆ. ಆಮೇಲೆ ಅರ್ಧ ಗಂಟೆ ಮಿಕ್ಕಿತು. ಇವತ್ತೇ ಮುಗಿಸೋಣ ಅಂತ ಜಾಲವನ್ನ ಹಿತ್ತಲವರೆಗೂ ಎಳೆದೆ. ನೀವು ರೇಕು ಬಿಚ್ಚಿಕೊಂಡು ಕೂತಿದ್ರಿ. ಗಾಳಿ ಆಡಬಾರದು ಅಂತ ಪರದೆ ಬಿಟ್ಟಿದ್ರಿ. ನಿಮಗೆ ಗೊತ್ತಾಗಲಿಲ್ಲ. ಈ ಮನೆಯಲ್ಲಿ ಓಡಾಡೋರಲ್ಲಿ ಹಿತ್ತಲ ದೀಪ ಗೊತ್ತಿಲ್ಲದೇ ಇದ್ದವರು ಇಬ್ಬರೇ. ಒಬ್ಬರು ಮೆಟ್ಟಿಲಿಂದ ಬಿದ್ದು ಆಸ್ಪತ್ರೆಯಲ್ಲಿದ್ದಾರೆ.”

ತಮ್ಮ ಮುಷ್ಟಿ ಬಿಗಿದು ಮುಂದೆ ಬಂದ. ಇನ್ಸ್‌ಪೆಕ್ಟರ್ ಕೂತಲ್ಲಿಂದಲೇ ಕೈ ಅಡ್ಡ ಹಿಡಿದ.

“ನಿಜವಾದ ಹದಿನೇಳನೇ ಹಾಳೆ ಎಲ್ಲಿ? ಮಾರಿದೆಯಾ?”

“ಮಾರೋದಾ!” ರೇಕಣ್ಣ ತಲೆ ಎತ್ತಿದ. ಮೊದಲ ಸಲ ಅವನ ದನಿಗೆ ಬಿಸಿ ಬಂತು. “ಅದನ್ನ ಮಾರ್ತಾರಾ? ನನ್ನ ಕೋಣೇಲಿದೆ. ರೇಕಿನ ಹಲಗೆ ಕೆಳಗೆ.”

ಅವನು ಸ್ಟೂಲಿನ ಮೇಲೆ ಕುಸಿದ.

“ರಿಪೇರಿಗೆ ಬಂದಾಗ ಆ ಹಾಳೆ ಒಂದು ಸಲ ಬಿಚ್ಚಿಕೊಂಡಿತ್ತು. ರಾತ್ರಿ ಕನಸಲ್ಲೂ ಅದೇ. ಅಂಥ ಕೆಲಸ ನನ್ನ ಕೈಲಿ ಆಗುತ್ತಾ ಅಂತ ನೋಡಬೇಕಿತ್ತು. ಎಂಟು ತಿಂಗಳು ಕೂತು ಮಾಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೇ ಗುರುತು ಸಿಗಲಿಲ್ಲ. ಆಮೇಲೆ ನನ್ನದನ್ನ ಪುಸ್ತಕದಲ್ಲಿ ಸೇರಿಸಿಬಿಟ್ಟೆ. ಯಾರಾದ್ರೂ ಹಿಡೀತಾರಾ ಅಂತ.” ನಗಲು ನೋಡಿದ, ಆಗಲಿಲ್ಲ. “ಇಪ್ಪತ್ತು ವರ್ಷದಿಂದ ಎಲ್ಲರೂ ‘ಬೈಂಡರ್ ಕೆಲಸ ಚೆನ್ನಾಗಿದೆ’ ಅಂತಾರೆ. ಚಿನ್ನ ಹಾಕಿದ್ದು ಯಾರು ಅಂತ ಒಬ್ಬರಾದ್ರೂ ಕೇಳಿದಾರಾ? ಕಣ್ಣಿದ್ದವರು ಒಬ್ಬರೂ ಹಿಡೀಲಿಲ್ಲ. ಕಣ್ಣು ಕಾಣದ ಅಣ್ಣ ಹಿಡಿದ.”

“ಅದಕ್ಕೆ ಕೊಲ್ಲೋಕೆ ಹೋದೆಯಾ?” ಬೈಂಡರ್ ಹೆಂಡತಿ ಕೇಳಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

“ಇಲ್ಲ ಅಕ್ಕಾ, ಆಣೆ. ಕಾಲು ಉಳುಕುತ್ತೆ, ಒಂದು ದಿನ ಆಸ್ಪತ್ರೇಲಿ ಇರ್ತಾನೆ, ಕೀ ನನ್ನ ಕೈಗೆ ಸಿಗುತ್ತೆ, ಗ್ರಂಥಾಲಯದವರು ಬರೋ ಮೊದಲು ಹಾಳೆ ವಾಪಸ್ ಇಟ್ಟುಬಿಡ್ತೀನಿ ಅಂದುಕೊಂಡೆ. ಒಂಬತ್ತೇ ಮೆಟ್ಟಿಲಲ್ವಾ ಅಂದುಕೊಂಡೆ.”

“ಕಾಣದವನಿಗೆ ಒಂಬತ್ತು ಮೆಟ್ಟಿಲು ಎಷ್ಟು ಆಳ ಅಂತ ನಿನಗೆ ಗೊತ್ತಿರಲಿಲ್ವಾ?” ಅವಳು ಮೆಲ್ಲಗೆ ಅಂದಳು. “ಇಪ್ಪತ್ತು ವರ್ಷ ಅವರ ಜೊತೆ ಇದ್ದವನಿಗೆ?”

ರೇಕಣ್ಣ ಮುಖ ಮುಚ್ಚಿಕೊಂಡ. ಇನ್ಸ್‌ಪೆಕ್ಟರ್ ಮೇಜು ಹಿಡಿದು ಎದ್ದು ನಿಂತು, ಅವನ ಹೆಗಲ ಮೇಲೆ ಕೈಯಿಟ್ಟ.

*

ಬೈಂಡರ್ ಕಣ್ಣು ಬಿಟ್ಟದ್ದು ಭಾನುವಾರ. ಮಂಗಳವಾರ ಮಧ್ಯಾಹ್ನ ಲೈಟಕ್ಕ ಆಸ್ಪತ್ರೆಗೆ ಹೋದಳು. ಮಂಚದ ಪಕ್ಕದಲ್ಲಿ ತಮ್ಮ ಹಣ್ಣು ಹೆಚ್ಚುತ್ತಿದ್ದ. ಅಣ್ಣ ತಮ್ಮ ಇಬ್ಬರೂ ಗಂಟು ಮುಖ ಹಾಕಿಕೊಂಡಿದ್ದರು. ಆದರೆ ತಟ್ಟೆ ಇಬ್ಬರ ನಡುವೆ ಓಡಾಡುತ್ತಿತ್ತು.

ಅವಳು ನಡೆದದ್ದೆಲ್ಲ ಹೇಳಿದಳು. ಬೈಂಡರ್ ದಿಂಬಿಗೆ ಒರಗಿ, ಕಣ್ಣು ಮುಚ್ಚಿ ಕೇಳಿದ.

“ಆ ಹಾಳೆ ಈಗ ಎಲ್ಲಿದೆ? ಅವನು ಮಾಡಿದ್ದು?”

“ಗ್ರಂಥಾಲಯದವರ ಹತ್ರ ಇದೆ. ಕೋರ್ಟಿಗೆ ಹೋಗಬೇಕು. ನೀವು ಅನುಮಾನಪಟ್ಟದ್ದು ಇದೇನಾ ಅಂತ ನಿಮ್ಮನ್ನೊಮ್ಮೆ ಕೇಳಿಕೊಂಡು ಹೋಗೋಕೆ ಗ್ರಂಥಪಾಲಕಿ ಇನ್ಸ್‌ಪೆಕ್ಟರ್ ಜೊತೆ ಕೆಳಗೇ ಬಂದಿದಾರೆ.”

ಹಾಳೆ ಬಂತು. ಗಟ್ಟಿ ರಟ್ಟಿನ ನಡುವೆ, ತೆಳು ಕಾಗದ ಹೊದ್ದು.

ಬೈಂಡರ್ ಎದ್ದು ಕೂತ. ತಮ್ಮ ಬೆನ್ನಿಗೆ ಕೈ ಕೊಟ್ಟ. ಕಿಟಕಿಯ ಬಿಸಿಲು ನೇರವಾಗಿ ಹಾಳೆಯ ಮೇಲೆ ಬೀಳುವಂತೆ ಲೈಟಕ್ಕ ಮಂಚವನ್ನೇ ಸ್ವಲ್ಪ ತಿರುಗಿಸಿದಳು. ಬೈಂಡರ್ ಹಾಳೆಯನ್ನು ಮುಖದ ಹತ್ತಿರ ಹಿಡಿದು, ತನ್ನ ಕಿರಿದಾದ ನೋಟದಲ್ಲಿ ಒಂದೊಂದೇ ನಕ್ಷತ್ರ ಹುಡುಕುತ್ತ ಹೋದ. ಒಂದು ಸಿಕ್ಕರೆ ನಿಲ್ಲುತ್ತಿದ್ದ. ಇನ್ನೊಂದಕ್ಕೆ ಸರಿಯುತ್ತಿದ್ದ. ಗ್ರಂಥಪಾಲಕಿ ಕಾದಳು. ಇನ್ಸ್‌ಪೆಕ್ಟರ್ ಗೋಡೆಗೆ ಒರಗಿ ಕಾದ.

“ಬಹಳ ಚೆನ್ನಾಗಿ ಮಾಡಿದಾನೆ,” ಬೈಂಡರ್ ಕೊನೆಗೆ ಹೇಳಿದ. “ಇಂಥ ಕೆಲಸ ನಾನು ನೋಡಿಲ್ಲ.”

ಆಮೇಲೆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತ.

“ಮುಟ್ಠಾಳ. ಹತ್ತು ಹೆಜ್ಜೆ ಆಚೆ ಕೂತಿರ್ತಿದ್ದೆ. ತಂದು ತೋರಿಸಿದ್ರೆ ಆಗ್ತಿತ್ತು.”